ಒಪ್ಪ ಮತ್ತು ಸಮಕ್ಷ: ಸಹಿಯ ಚರಿತ್ರೆಯಲ್ಲಿ ವಿದ್ಯುನ್ಮಾನ ಸಹಿಯ ಸ್ಥಾನ

೧

ವಿದ್ಯುನ್ಮಾನ ಸಹಿಯ ಚರಿತ್ರೆಯನ್ನು ಬರೆಯುವವರು ಅದನ್ನು ಸಾಮಾನ್ಯವಾಗಿ ೧೯೭೬ರಿಂದ ಆರಂಭಿಸುತ್ತಾರೆ. ಆ ವರ್ಷ ಅಮೆರಿಕದ ವಿಟ್‌ಫೀಲ್ಡ್ ಡಿಫೀ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ವಿದ್ವಾಂಸರು, ಒಂದೇ ಬೀಗಕ್ಕೆ ಒಂದು ಗೋಪ್ಯವೂ ಒಂದು ಬಹಿರಂಗವೂ ಆದ ಎರಡು ಕೀಲಿಕೈಗಳಿರಬಹುದೆಂಬ ಗಣಿತತತ್ತ್ವವನ್ನು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಆ ತತ್ತ್ವವನ್ನು ಕಾರ್ಯಸಾಧ್ಯವಾದ ವಿಧಾನವನ್ನಾಗಿ ಮಾಡಿದರು. ೧೯೯೫ರಲ್ಲಿ ಯೂಟಾ ಸಂಸ್ಥಾನದ ಕಾನೂನು, ೧೯೯೬ರಲ್ಲಿ ವಿಶ್ವಸಂಸ್ಥೆಯ ವಾಣಿಜ್ಯನ್ಯಾಯ ಆಯೋಗದ ಮಾದರಿ ಕಾನೂನು, ೨೦೦೦ದಲ್ಲಿ ಅಮೆರಿಕದ ಕೇಂದ್ರ ಕಾನೂನು, ಅದೇ ವರ್ಷದ ಅಕ್ಟೋಬರ್ ೧೭ರಂದು ಜಾರಿಗೆ ಬಂದ ನಮ್ಮ ಮಾಹಿತಿ ತಂತ್ರಜ್ಞಾನ ಅಧಿನಿಯಮ, ಹೀಗೆ ಕಥನವು ಮುಂದುವರಿಯುತ್ತದೆ.

ಈ ಕ್ರಮದಲ್ಲಿ ದೋಷವಿಲ್ಲ. ಆದರೆ ಇದು ಒಂದು ಉಪಕರಣದ ಚರಿತ್ರೆ. ಆ ಉಪಕರಣವು ಯಾವ ಕಾರ್ಯವನ್ನು ಮಾಡಬೇಕೆಂದು ಹುಟ್ಟಿತೋ ಆ ಕಾರ್ಯದ ಚರಿತ್ರೆ ಇದಕ್ಕಿಂತ ಬಹಳ ಹಳೆಯದು. ಅದರ ಸಾಕ್ಷ್ಯಗಳು ಬೇಲೂರು, ಹಳೇಬೀಡು, ಅರಸೀಕೆರೆಗಳ ಸೀಮೆಯಲ್ಲಿ ದೊರೆಯುವಷ್ಟು ವಿಪುಲವಾಗಿ ಬೇರೆಡೆ ದೊರೆಯುವುದು ಅಪರೂಪ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ತೆರೆದವರಿಗೆ ಇದು ಸ್ಪಷ್ಟವಾಗುತ್ತದೆ.

ವಿದ್ಯುನ್ಮಾನ ಸಹಿಯನ್ನು ಕುರಿತು ಈಗ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಕೈಬರಹವಿಲ್ಲದ ಸಹಿ ಸಹಿಯೇ ಅಲ್ಲ, ಇದು ಪರಂಪರೆಯಿಂದ ಪೂರ್ಣವಾಗಿ ಕಡಿದುಕೊಂಡ ವಸ್ತು ಎಂಬುದು ಒಂದು. ಲೇಖನಿಯ ಸಹಿಗೂ ಇದಕ್ಕೂ ಸಾಧನದ ಹೊರತು ಬೇರೆ ಅಂತರವಿಲ್ಲ ಎಂಬುದು ಇನ್ನೊಂದು. ಎರಡೂ ಪೂರ್ತಿಯಾಗಿ ನಿಲ್ಲತಕ್ಕವಲ್ಲ ಎಂಬುದನ್ನು ತೋರಿಸುವುದೂ, ಕಾನೂನಿನ ಪಾಠವನ್ನು ಶಾಸನಪಾಠದ ಪಕ್ಕದಲ್ಲಿಟ್ಟು ಓದಿ ಅದರ ಗುಣದೋಷಗಳನ್ನು ಪರಿಶೀಲಿಸುವುದೂ ಈ ಲೇಖನದ ಉದ್ದೇಶ.

೨

ಮೊದಲು ಪದಗಳನ್ನು ನೋಡೋಣ. ‘ಸಹಿ’ ಎಂಬುದು ಅರಬ್ಬೀ ಮೂಲದಿಂದ ಪಾರಸಿಯ ಮೂಲಕ ನಮ್ಮ ಕಚೇರಿಯ ಭಾಷೆಗೆ ಬಂದ ಮಾತು. ‘ಸರಿಯಾಗಿದೆ’ ಎಂಬುದು ಅದರ ಮೂಲಾರ್ಥ. ಶಾಸನಗಳ ಮಾತು ‘ಒಪ್ಪ’. ಅದು ಒಪ್ಪು ಎಂಬ ಧಾತುವಿನಿಂದ ಬಂದದ್ದು. ಒಪ್ಪಿಗೆ, ಒಪ್ಪಂದಗಳು ಅದರ ಬಂಧುಗಳು. ಒಂದು ಮಾತು ಬರಹದ ಯಾಥಾರ್ಥ್ಯವನ್ನು ಹೇಳುತ್ತದೆ, ಇನ್ನೊಂದು ಬರೆಯಿಸಿದವನ ಸಮ್ಮತಿಯನ್ನು ಹೇಳುತ್ತದೆ. ಮೂರನೆಯದಾದ ‘ಅಂಕಿತ’ ಗುರುತನ್ನು ಹೇಳುತ್ತದೆ. ವಚನಕಾರರೂ ದಾಸರೂ ತಮ್ಮ ರಚನೆಗಳ ಕೊನೆಗೆ ಇಷ್ಟದೈವದ ಹೆಸರನ್ನಿಟ್ಟು ಅದನ್ನೇ ತಮ್ಮ ಗುರುತನ್ನಾಗಿ ಮಾಡಿಕೊಂಡರು. ಗುರುತು, ಯಾಥಾರ್ಥ್ಯ, ಸಮ್ಮತಿ ಎಂಬ ಮೂರು ಬೇರೆ ಬೇರೆ ಕಾರ್ಯಗಳನ್ನು ಒಂದೇ ಚಿಹ್ನೆಯಿಂದ ನಾವು ಅಪೇಕ್ಷಿಸುತ್ತೇವೆ ಎಂಬುದು ಈ ಪದಗಳಿಂದಲೇ ತಿಳಿಯುತ್ತದೆ.

ಇವುಗಳಿಗೆ ಆಧಾರವಾದ ನಾಲ್ಕನೆಯದೊಂದಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ಕ್ರಿ. ಶ. ೪೫೦ರ ಸುಮಾರಿನದೆಂದು ಸಾಮಾನ್ಯವಾಗಿ ವಿದ್ವಾಂಸರು ಎಣಿಸುತ್ತಾರೆ. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಪ್ರಕಟಿಸಿದ ಈ ಶಾಸನ ವಿಜಅರಸನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟುದನ್ನು ಹೇಳುತ್ತದೆ. ಭಾಷಾಚರಿತ್ರೆಯ ದೃಷ್ಟಿಯಿಂದ ಇದನ್ನು ಬಹುವಾಗಿ ಚರ್ಚಿಸಲಾಗಿದೆ. ವ್ಯವಹಾರಪತ್ರವೆಂದು ಓದಿದಾಗ ಬೇರೊಂದು ಅಂಶ ಎದ್ದುಕಾಣುತ್ತದೆ. ಇದರಲ್ಲಿ ಕೊಟ್ಟವರ ಒಪ್ಪವಿಲ್ಲ. ಅದರ ಬದಲಿಗೆ ಸೇಂದ್ರಕ ಮತ್ತು ಬಾಣ ಎಂಬ ಉಭಯದೇಶಗಳ ವೀರಪುರುಷರ ‘ಸಮಕ್ಷದೆ’ ಎಂಬ ಮಾತಿದೆ. ಕೊನೆಯಲ್ಲಿ ದತ್ತಿಯನ್ನು ಕದ್ದವನು ಮಹಾಪಾತಕಿ ಎಂಬ ಶಾಪವಿದೆ. ಸಹಿಯು ಪ್ರಚಾರಕ್ಕೆ ಬರುವ ಮೊದಲು ಕನ್ನಡನಾಡಿನ ಒಂದು ದತ್ತಿಯನ್ನು ಹಿಡಿದು ನಿಲ್ಲಿಸಿದ್ದು ಹತ್ತು ಜನರ ಕಣ್ಣು. ಮುಂದೆ ಬಂದ ಒಪ್ಪವನ್ನು ಈ ಸಮಕ್ಷದ ಹಿನ್ನೆಲೆಯಲ್ಲಿಟ್ಟೇ ನೋಡಬೇಕು.

೩

ಹೊಯ್ಸಳರ ಕಾಲಕ್ಕೆ ಒಪ್ಪ ರೂಢಮೂಲವಾಗಿತ್ತು. ಅರಸರ ಒಪ್ಪ ‘ಶ್ರೀ ಮಲಪರೊಳ್ಗಂಡ’ ಎಂಬುದು. ಇದು ಒಬ್ಬ ಅರಸನ ಹೆಸರಲ್ಲ, ವಂಶದ ಬಿರುದು. ತಂದೆಯ ಕಾಲದಲ್ಲಿಯೂ ಮಗನ ಕಾಲದಲ್ಲಿಯೂ ಇದೇ ಒಪ್ಪ ಬರುತ್ತದೆ. ವಿಜಯನಗರದ ಅರಸರು ನಂದಿನಾಗರಿ ಲಿಪಿಯ ಸಂಸ್ಕೃತ ತಾಮ್ರಶಾಸನಗಳ ಕೊನೆಯಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಒಪ್ಪವಿಟ್ಟರು. ಅಲ್ಲಿಯೂ ಅರಸನ ಹೆಸರಿಲ್ಲ. ಅಗ್ರಹಾರದ ಮಹಾಜನರು ತಮ್ಮೆಲ್ಲರ ಪರವಾಗಿ ಊರ ದೇವರ ಹೆಸರನ್ನು ಒಪ್ಪವಾಗಿ ಇಡುತ್ತಿದ್ದುದೂ ಶಾಸನಗಳನ್ನು ಓದಿದವರಿಗೆ ಪರಿಚಿತವೇ. ಆದಕಾರಣ ಸಹಿ ಎಂದರೆ ಸ್ವಂತ ಹೆಸರನ್ನು ಬರೆಯುವುದು ಎಂಬ ಲಕ್ಷಣ ನಮ್ಮ ಪರಂಪರೆಗೆ ಅನ್ವಯಿಸುವುದಿಲ್ಲ.

ಸ್ವಹಸ್ತದ ಪ್ರಶ್ನೆಯೂ ಹೀಗೆಯೇ. ಕಲ್ಲಿನ ಮೇಲಿರುವ ಒಪ್ಪವನ್ನು ಅರಸನೇ ಉಳಿ ಹಿಡಿದು ಕೆತ್ತಿದನೆಂದು ಯಾರೂ ಭಾವಿಸರು. ಪಾಠವನ್ನು ಸೇನಬೋವ ಬರೆದ, ರೂವಾರಿ ಕೆತ್ತಿದ, ಒಪ್ಪ ಅರಸನದಾಯಿತು. ಕೈ ಬೇರೆ, ಸಮ್ಮತಿ ಬೇರೆ ಎಂಬ ವಿವೇಕ ಇಲ್ಲಿ ಸಹಜವಾಗಿಯೇ ಇದೆ. ಕೈಬರಹವಿಲ್ಲದ ಸಹಿ ಸಹಿಯೇ ಅಲ್ಲ ಎಂಬ ಮೊದಲನೆಯ ಅಭಿಪ್ರಾಯ ಇಷ್ಟರಿಂದಲೇ ಶಿಥಿಲವಾಗುತ್ತದೆ.

ಶಿಲ್ಪಿಗಳ ರುಜುಗಳ ಸಂಗತಿ ಬೇರೆ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಊರು, ತಂದೆ, ಬಿರುದುಗಳೊಡನೆ ತಮ್ಮನ್ನು ಹೇಳಿಕೊಂಡಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಮಾಬಲ, ಬಲಕಿ, ರೇವೋಜ ಮುಂತಾದ ಹೆಸರುಗಳಿವೆ. ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನು ತನ್ನ ಹೆಸರನ್ನು ಒಂದೆರಡು ಅಕ್ಷರಗಳಿಗೆ ಇಳಿಸಿ ಕೆತ್ತಿದ್ದೂ ಉಂಟು. ಇವನ್ನು ಆಧುನಿಕ ಕಲಾವಿದನ ಆತ್ಮಪ್ರತ್ಯಯದ ಆರಂಭವೆಂದು ಹೊಗಳುವ ಪರಿಪಾಠವಿದೆ. ಒಪ್ಪದೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ: ಒಪ್ಪವು ‘ಇದಕ್ಕೆ ನಾನು ಬದ್ಧ’ ಎನ್ನುತ್ತದೆ, ಶಿಲ್ಪಿಯ ರುಜು ‘ಇದು ನನ್ನ ಕೆಲಸ’ ಎನ್ನುತ್ತದೆ. ಮೊದಲನೆಯದು ಮುಂದಿನ ಕಾಲಕ್ಕೆ ಕೊಟ್ಟ ಭಾಷೆ, ಎರಡನೆಯದು ಹಿಂದಿನ ಶ್ರಮದ ದಾಖಲೆ. ಜನರ ನೆನಪಿನಲ್ಲಿ ನಿಂತ ಜಕಣಾಚಾರಿಯ ಹೆಸರು ಬೇಲೂರಿನ ಈ ರುಜುಗಳಲ್ಲಿ ಕಾಣದು. ರುಜು ಹಾಕಿದ ದಾಸೋಜನನ್ನು ಜನರು ಮರೆತರು. ಗುರುತು ಕಲ್ಲಿನಲ್ಲಿದ್ದರೂ ಅದನ್ನು ಓದುವವರಿಲ್ಲದಿದ್ದರೆ ಅದು ಗುರುತಾಗಿ ಉಳಿಯುವುದಿಲ್ಲ. ಈ ಮಾತು ನಮಗೆ ಮುಂದೆ ಉಪಯೋಗಕ್ಕೆ ಬರುತ್ತದೆ.

೪

ಶಾಸನಗಳ ರೂಢಿಗೆ ಶಾಸ್ತ್ರದ ಆಧಾರವಿತ್ತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದ ಲೇಖ್ಯಪ್ರಕರಣವನ್ನು ಸಹಿಯ ತತ್ತ್ವದ ಒಂದು ಚಿಕ್ಕ ಗ್ರಂಥವೆಂದೇ ಹೇಳಬಹುದು. ಅಲ್ಲಿನ ವಿಧಿ ಇಂತಿದೆ. ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳೂ ಉಭಯರ ಹೆಸರು, ತಂದೆಯ ಹೆಸರು ಮೊದಲಾದವೂ ಇರಬೇಕು. ವಿಷಯ ಮುಗಿದ ಮೇಲೆ ಸಾಲಗಾರನು, ಇಂಥವನ ಮಗನಾದ ತನಗೆ ಮೇಲೆ ಬರೆದದ್ದು ಸಮ್ಮತವೆಂದು ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳೂ ತಂದೆಯ ಹೆಸರಿನೊಡನೆ ತಮ್ಮ ಹೆಸರನ್ನು ತಾವೇ ಬರೆಯಬೇಕು. ಉಭಯರ ಕೋರಿಕೆಯಂತೆ ತಾನು ಇದನ್ನು ಬರೆದೆನೆಂದು ಲೇಖಕನು ಕೊನೆಯಲ್ಲಿ ಹೇಳಬೇಕು.

ಇದಕ್ಕಿಂತ ಮುಖ್ಯವಾದವು ಅಪವಾದಗಳು. ಸಾಲಗಾರನು ಪೂರ್ತಿಯಾಗಿ ತನ್ನ ಕೈಯಿಂದಲೇ ಬರೆದ ಪತ್ರಕ್ಕೆ ಸಾಕ್ಷಿಗಳು ಇಲ್ಲದಿದ್ದರೂ ಅದು ಪ್ರಮಾಣ. ಆದರೆ ಬಲಾತ್ಕಾರದಿಂದಲೋ ವಂಚನೆಯಿಂದಲೋ ಬರೆಯಿಸಿಕೊಂಡದ್ದಾದರೆ ಅಪ್ರಮಾಣ. ಅಕ್ಷರ ಬಾರದವನು ತನ್ನ ಸಮ್ಮತಿಯನ್ನು ಬೇರೊಬ್ಬನಿಂದ ಬರೆಯಿಸಬಹುದು. ಅಕ್ಷರ ಬಾರದ ಸಾಕ್ಷಿ ಇನ್ನೊಬ್ಬ ಸಾಕ್ಷಿಯಿಂದ ಬರೆಯಿಸಬೇಕು. ಅದು ಎಲ್ಲ ಸಾಕ್ಷಿಗಳ ಎದುರಿನಲ್ಲಿ ನಡೆಯಬೇಕು. ಅನ್ಯರ ಕೈಯಿಂದ ಸಹಿ ಮಾಡಿಸುವುದನ್ನು ಶಾಸ್ತ್ರವು ನಿಷೇಧಿಸಲಿಲ್ಲ. ಅದು ಗುಟ್ಟಾಗಿ ನಡೆಯುವುದನ್ನು ನಿಷೇಧಿಸಿತು. ಹಲ್ಮಿಡಿಯ ‘ಸಮಕ್ಷದೆ’ ಎಂಬ ಮಾತು ಇಲ್ಲಿ ವಿಧಿಯ ರೂಪವನ್ನು ತಾಳಿದೆ.

ಈ ಏರ್ಪಾಡು ಮೋಸವನ್ನು ಪೂರ್ಣವಾಗಿ ತಡೆಯಿತೆಂದಲ್ಲ. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ವಾದಿಸಿದರು, ರೈಸ್ ಒಪ್ಪಲಿಲ್ಲ, ಲಿಪಿ, ತಿಥಿ, ಭಾಷೆಗಳ ಪರೀಕ್ಷೆಯಿಂದ ಆ ವಿವಾದ ಬಹುಕಾಲ ನಡೆಯಿತು. ಪಾಠವನ್ನು ತಿದ್ದದಂತೆ ಕಾಯುವುದಕ್ಕೆ ತಾಮ್ರಶಾಸನಕಾರರು ಒಂದು ಉಪಾಯವನ್ನು ಮಾಡಿದ್ದರು. ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನು ರಾಜಮುದ್ರೆಯ ಕೆಳಗೆ ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ಹಲಗೆಯನ್ನು ಸೇರಿಸುವುದಾಗಲಿ ತೆಗೆಯುವುದಾಗಲಿ ಅಸಾಧ್ಯ. ಶಾಸನ ದೊರೆತಾಗ ಬಳೆ ಕತ್ತರಿಸಿತ್ತೇ ಇಲ್ಲವೇ ಎಂಬುದನ್ನು ಸಂಪಾದಕರು ತಪ್ಪದೆ ನಮೂದಿಸುವುದು ಇದಕ್ಕಾಗಿಯೇ.

೫

ಬ್ರಿಟಿಷರ ಆಡಳಿತದಲ್ಲಿ ಸಹಿಯು ವ್ಯಕ್ತಿಯ ಕೈಬರಹದೊಡನೆ ಏಕೀಭವಿಸಿತು. ೧೮೭೨ರ ಸಾಕ್ಷ್ಯ ಅಧಿನಿಯಮವು ಅಕ್ಷರಗಳನ್ನು ಹೋಲಿಸಿ ನೋಡುವ ಪರೀಕ್ಷೆಗೆ ದೊಡ್ಡ ಸ್ಥಾನವನ್ನು ಕೊಟ್ಟಿತು. ಆದರೂ ಬರೆಯಲಾರದ ಬಹುಜನರನ್ನು ಬಿಟ್ಟು ಕಾನೂನು ನಡೆಯುವಂತಿರಲಿಲ್ಲ. ೧೮೫೮ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆಯ ಜಲ್ಲಿಯ ಒಂದು ಕರಾರಿಗೆ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಬೆರಳಚ್ಚಿನ ಆಧುನಿಕ ಚರಿತ್ರೆ ಅಲ್ಲಿಂದ ಬೆಳೆಯಿತು. ೧೮೯೭ರ ಸಾಮಾನ್ಯ ಖಂಡಗಳ ಅಧಿನಿಯಮವು, ಹೆಸರು ಬರೆಯಲಾರದವನು ಹಾಕಿದ ಗುರುತೂ ಸಹಿಯೇ ಎಂದು ವಿವರಿಸಿತು. ಕಾನೂನಿನಲ್ಲಿ ಸಮಾನತೆ ದೊರೆತರೂ ಆಡುಮಾತಿನಲ್ಲಿ ‘ಹೆಬ್ಬೆಟ್ಟು’ ಎಂಬುದು ನಿರಕ್ಷರಿಯ ಅಪಹಾಸ್ಯವಾಗಿ ಉಳಿಯಿತು.

ತಂತಿಯ ಮೂಲಕ ಸಹಿ ಮಾಡಬಹುದೇ ಎಂಬ ಪ್ರಶ್ನೆಯೂ ಆ ಶತಮಾನದಲ್ಲಿಯೇ ಎದ್ದಿತು. ೧೮೬೯ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ, ತಂತಿ ಕಚೇರಿಯವನು ಬರೆಯುವುದು ಅಂಗುಲದುದ್ದದ ಲೇಖನಿಯಿಂದಲೋ ಸಾವಿರ ಮೈಲಿಯ ತಾಮ್ರದ ತಂತಿಯಿಂದಲೋ ಎಂಬುದರಿಂದ ವ್ಯತ್ಯಾಸವಾಗದೆಂಬ ಅಭಿಪ್ರಾಯಕ್ಕೆ ಬಂದಿತು. ಅನುಮತಿಯನ್ನು ಪಡೆದ ಬೇರೊಬ್ಬನ ಕೈ ಸಹಿ ಮಾಡಬಹುದೆಂಬ ಹಳೆಯ ತತ್ತ್ವವೇ ಇದರ ಒಳಗಿರುವುದು.

೬

ವಿದ್ಯುನ್ಮಾನ ಸಹಿಯ ಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕಾದರೆ ಇಂತು. ೨೦೦೦ದ ಅಧಿನಿಯಮದ ೩ನೆಯ ಪ್ರಕರಣದಂತೆ, ಯಂತ್ರವು ಮೊದಲು ಪತ್ರದ ಇಡೀ ಪಾಠವನ್ನು ಗಣಿತಕ್ರಿಯೆಯಿಂದ ಒಂದು ನಿಯತವಾದ ಸಾರಸಂಖ್ಯೆಗೆ ಇಳಿಸುತ್ತದೆ. ಪಾಠದಲ್ಲಿ ಒಂದು ಅಕ್ಷರ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಸಹಿದಾರನು ತನ್ನ ಗೋಪ್ಯವಾದ ಕೀಲಿಯಿಂದ ಆ ಸಂಖ್ಯೆಯನ್ನು ಮುದ್ರಿಸುತ್ತಾನೆ. ಬಹಿರಂಗವಾದ ಜೊತೆಕೀಲಿಯಿಂದ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಆ ಕೀಲಿ ಇಂಥವನದೆಂದು ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆ ಪತ್ರ ಕೊಡುತ್ತದೆ. ಆ ಸಂಸ್ಥೆಗಳ ಮೇಲೆ ಕೇಂದ್ರದ ಒಬ್ಬ ನಿಯಂತ್ರಕನಿದ್ದಾನೆ. ೨೦೦೮ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದ ತಿದ್ದುಪಡಿಯು ಈ ಒಂದು ವಿಧಾನಕ್ಕೆ ಕಟ್ಟುಬೀಳದೆ ‘ವಿದ್ಯುನ್ಮಾನ ಸಹಿ’ ಎಂಬ ವಿಶಾಲವಾದ ಜಾತಿಯನ್ನು ಮಾಡಿತು. ೨೦೧೫ರ ನಿಯಮಗಳಿಂದ ಆಧಾರ್ ದೃಢೀಕರಣದ ಮೂಲಕವೂ ಸಹಿ ಮಾಡುವುದು ಸಾಧ್ಯವಾಯಿತು.

ತಾಮ್ರಶಾಸನದ ಬಳೆಗೂ ಈ ಸಾರಸಂಖ್ಯೆಗೂ ಇರುವ ಕಾರ್ಯಸಾಮ್ಯ ಸ್ಪಷ್ಟವಾಗಿದೆ. ಎರಡೂ ಪಾಠವನ್ನು ಮುದ್ರೆಗೆ ಬೆಸೆಯುತ್ತವೆ. ಹೊಸದರ ಶಕ್ತಿ ಹೆಚ್ಚು: ಬಳೆಯು ಹಲಗೆಯನ್ನು ಕಾಯುತ್ತಿತ್ತು, ಸಂಖ್ಯೆಯು ಅಕ್ಷರವನ್ನು ಕಾಯುತ್ತದೆ. ಲೇಖನಿಯ ಸಹಿಗೆ ಈ ಗುಣ ಎಂದೂ ಇರಲಿಲ್ಲ. ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮೇಲೆ ಬೇಕಾದುದನ್ನು ಬರೆದುಕೊಂಡ ಸಾಹುಕಾರರ ಕಥೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಯಾಥಾರ್ಥ್ಯ ಎಂಬ ಕಾರ್ಯದಲ್ಲಿ ವಿದ್ಯುನ್ಮಾನ ಸಹಿ ಪೂರ್ವದ ಎಲ್ಲ ಸಾಧನಗಳನ್ನೂ ಮೀರಿದೆ ಎಂಬುದನ್ನು ಮನಃಪೂರ್ವಕವಾಗಿ ಒಪ್ಪಬೇಕು. ‘ಅಂಕ’ ಎಂಬ ಶಬ್ದಕ್ಕೆ ಚಿಹ್ನೆ, ಸಂಖ್ಯೆ ಎಂಬ ಎರಡು ಅರ್ಥಗಳೂ ಮೊದಲಿನಿಂದ ಇವೆ. ಇದು ಅಂಕಿಗಳಿಂದಾದ ಅಂಕಿತ.

೭

ಉಳಿದೆರಡು ಕಾರ್ಯಗಳಲ್ಲಿ ಪರೀಕ್ಷೆ ಬೇರೆಯಾಗುತ್ತದೆ. ಗುರುತಿನ ವಿಷಯದಲ್ಲಿ, ಈ ಸಹಿ ತೋರಿಸುವುದು ಕೀಲಿಯನ್ನು. ಕೀಲಿಯ ಹಿಂದಿನ ವ್ಯಕ್ತಿಯನ್ನು ಪ್ರಮಾಣಪತ್ರದ ಮೇಲಿನ ನಂಬಿಕೆಯಿಂದ ಊಹಿಸಬೇಕು. ಸಮ್ಮತಿಯ ವಿಷಯದಲ್ಲಿ ಅದು ನೇರವಾಗಿ ಏನನ್ನೂ ತೋರಿಸದು. ಈ ಕೊರತೆಯನ್ನು ಕಾನೂನು ಎರಡು ಊಹೆಗಳಿಂದ ತುಂಬಿದೆ. ಸುರಕ್ಷಿತ ವಿದ್ಯುನ್ಮಾನ ಸಹಿಯನ್ನು ಅದರ ಒಡೆಯನೇ, ಸಹಿ ಮಾಡುವ ಅಥವಾ ಅನುಮೋದಿಸುವ ಉದ್ದೇಶದಿಂದಲೇ ಹಾಕಿದನೆಂದು ನ್ಯಾಯಾಲಯವು ಭಾವಿಸತಕ್ಕದ್ದು. ಅಲ್ಲವೆನ್ನುವವನು ರುಜುವಾತು ಪಡಿಸಬೇಕು. ೨೦೨೪ರ ಜುಲೈ ೧ರಂದು ಹಳೆಯ ಸಾಕ್ಷ್ಯ ಅಧಿನಿಯಮದ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ಭಾವನೆ ಮುಂದುವರಿದಿದೆ. ಎರಡನೆಯದು, ಮಾಹಿತಿ ತಂತ್ರಜ್ಞಾನ ಅಧಿನಿಯಮದ ೪೨ನೆಯ ಪ್ರಕರಣ: ಗೋಪ್ಯಕೀಲಿಯನ್ನು ಕಾಯುವ ಹೊಣೆ ಸಹಿದಾರನದು, ಅದು ಅನ್ಯರ ವಶವಾಯಿತೆಂದು ಪ್ರಮಾಣೀಕರಣ ಸಂಸ್ಥೆಗೆ ತಿಳಿಸುವವರೆಗೆ ಅವನೇ ಬಾಧ್ಯ.

ಇದನ್ನು ಮಿತಾಕ್ಷರೆಯ ವಿಧಿಯ ಪಕ್ಕದಲ್ಲಿಡಬೇಕು. ಅಲ್ಲಿ ಅನ್ಯರ ಕೈ ಸಹಿ ಮಾಡಿದರೆ ಸಾಕ್ಷಿಗಳ ಸಮಕ್ಷಮ ಬೇಕು. ಇಲ್ಲಿ ಅನ್ಯರ ಕೈ ಸಹಿ ಮಾಡಿದರೆ ಅದು ಒಡೆಯನ ಕೈಯೇ ಎಂದು ಭಾವನೆ. ವ್ಯವಹಾರದಲ್ಲಿ ನಡೆಯುವುದೇನೆಂಬುದು ಎಲ್ಲರಿಗೂ ಗೊತ್ತು. ಬೆರಳುದ್ದದ ಸಾಧನದಲ್ಲಿ ಅಡಗಿದ ಕೀಲಿಯನ್ನು ಯಜಮಾನನು ಗುಮಾಸ್ತನ ಮೇಜಿನಲ್ಲಿಟ್ಟಿರುತ್ತಾನೆ. ವರ್ತಕನು ತನ್ನ ತೆರಿಗೆಯ ಲೆಕ್ಕಿಗನಿಗೆ ಕೊಟ್ಟಿರುತ್ತಾನೆ. ಮೊಬೈಲಿಗೆ ಬಂದ ಅಂಕಿಗಳನ್ನು ಅಂಗಡಿಯ ಹುಡುಗನಿಗೆ ಓದಿ ಹೇಳಿದೊಡನೆ ಒಬ್ಬ ರೈತನ ಒಪ್ಪ ಬಿದ್ದಿರುತ್ತದೆ. ಅಕ್ಷರ ಬಾರದವನಿಗೆ ಹನ್ನೆರಡನೆಯ ಶತಮಾನದ ವ್ಯಾಖ್ಯಾನಕಾರನು ಕೊಟ್ಟ ರಕ್ಷಣೆ, ಯಂತ್ರದ ಅಕ್ಷರ ಬಾರದವನಿಗೆ ಇಂದಿನ ಕಾನೂನಿನಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಇದು ಸಣ್ಣ ಲೋಪವಲ್ಲ.

ನಮ್ಮ ರಾಜ್ಯದ ಭೂದಾಖಲೆಗಳ ಉದಾಹರಣೆಯಿಂದ ಎರಡು ಪಕ್ಕಗಳೂ ತಿಳಿಯುತ್ತವೆ. ಹಿಂದೆ ಶಾಸನವನ್ನು ಬರೆಯುತ್ತಿದ್ದ ಸೇನಬೋವನೇ ಕಾಲಕ್ರಮದಲ್ಲಿ ಶಾನುಭೋಗನಾದ, ವಂಶಪಾರಂಪರ್ಯದ ಆ ಹುದ್ದೆಯನ್ನು ೧೯೬೧ರ ಗ್ರಾಮಾಧಿಕಾರಗಳ ನಿರ್ಮೂಲನ ಕಾನೂನು ತೆಗೆದುಹಾಕಿತು, ಗ್ರಾಮಲೆಕ್ಕಿಗರು ಬಂದರು. ಪಹಣಿ ಮಾತ್ರ ಕೈಬರಹದಲ್ಲಿಯೇ ಉಳಿಯಿತು; ಬರೆಯುವವನ ಕೃಪೆಯೂ ಉಳಿಯಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ೧೫ ರೂಪಾಯಿ ಕೊಟ್ಟವರಿಗೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಪಹಣಿ ದೊರೆಯಿತು. ದಾಖಲೆಯನ್ನು ತಿದ್ದುವ ನೌಕರನು ಯಾರೆಂದು ಗುರುತಿಸಲು ಯಂತ್ರವು ಅವನ ಬೆರಳಚ್ಚನ್ನು ಕೇಳಿತು. ನಿರಕ್ಷರಿಯ ಗುರುತಾಗಿದ್ದ ಹೆಬ್ಬೆಟ್ಟು ಹೀಗೆ ಅಧಿಕಾರಿಯ ಗುರುತಾದದ್ದು ಸಹಿಯ ಚರಿತ್ರೆಯಲ್ಲಿ ಗಮನಾರ್ಹವಾದ ಘಟ್ಟ. ಮುಂದೆ ಡಿಜಿಟಲ್ ಸಹಿಯುಳ್ಳ ಪಹಣಿಗಳೂ ಬಂದವು. ಬರೆಯುವವನ ಕೈಯ ಸ್ವೇಚ್ಛೆ ತಗ್ಗಿತೆಂಬುದು ಲಾಭ.

ನಷ್ಟ ಯಾವುದೆಂದರೆ ಓದುವಿಕೆ. ೧೨೨೦ರಲ್ಲಿ ರೇಚರಸನು ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯದ ಧರ್ಮಕಾರ್ಯವನ್ನು ಕೈಗೊಂಡಾಗ ಅದರ ಶಾಸನವು ಊರಿನ ನಡುವೆಯೇ ನಿಂತಿತು. ಎಲ್ಲರಿಗೂ ಅಕ್ಷರ ಬರುತ್ತಿರಲಿಲ್ಲ, ನಿಜ. ಆದರೆ ಓದಬಲ್ಲ ಒಬ್ಬನು ಓದಿದರೆ ಹತ್ತು ಜನ ಕೇಳಬಹುದಾಗಿತ್ತು, ಕಲ್ಲಿಗೆ ಉಳಿ ತಾಗಿದರೆ ಗಾಯ ಕಾಣುತ್ತಿತ್ತು. ಇಂದು ಅದೇ ಅರಸೀಕೆರೆಯ ತೆಂಗಿನ ತೋಟದ ರೈತನ ಕೈಯಲ್ಲಿರುವ ಪಹಣಿಯ ಸಹಿಯನ್ನು ಅವನಾಗಲಿ ಅವನ ನೆರೆಯವನಾಗಲಿ ಓದಲಾರರು. ಮುದ್ರಿಸಿದ ಕಾಗದದ ಮೇಲಿರುವುದು ಸಹಿಯ ಸೂಚನೆ ಮಾತ್ರ; ಸಹಿ ಇರುವುದು ಯಂತ್ರದ ಕಡತದಲ್ಲಿ. ಓದುವವರಿಲ್ಲದ ಗುರುತಿಗೆ ದಾಸೋಜನ ಗತಿ ಬರುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕಾಗಿ.

೮

ಈ ಕೊರತೆ ಕಾನೂನಿಗೆ ತಿಳಿಯದ್ದೇನೂ ಅಲ್ಲ. ೨೦೦೦ದ ಅಧಿನಿಯಮವು ಕೆಲವು ಪತ್ರಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ೨೦೨೨ರಲ್ಲಿ ಆ ಪಟ್ಟಿಯನ್ನು ಕಿರಿದು ಮಾಡಲಾಯಿತು. ಸ್ಥಿರಾಸ್ತಿಯ ಕ್ರಯದ ಕರಾರು ಪಟ್ಟಿಯಿಂದ ಹೋಯಿತು. ಆದರೆ ಮರಣಶಾಸನವು ಅಂದಿನಂತೆ ಇಂದೂ ಹೊರಗೇ ಇದೆ. ಕಾರಣವನ್ನು ೧೯೨೫ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ೬೩ನೆಯ ಪ್ರಕರಣದಲ್ಲಿ ಊಹಿಸಬಹುದು. ಅದರಂತೆ ಉಯಿಲು ಬರೆಯುವವನು ಸಹಿ ಹಾಕಬಹುದು, ಗುರುತನ್ನು ಒತ್ತಬಹುದು, ಅಥವಾ ಅವನ ಎದುರಿನಲ್ಲಿ, ಅವನ ನಿರ್ದೇಶನದಂತೆ ಬೇರೊಬ್ಬನು ಸಹಿ ಮಾಡಬಹುದು. ಇಬ್ಬರಾದರೂ ಸಾಕ್ಷಿಗಳು ಅವನ ಎದುರಿನಲ್ಲಿಯೇ ಸಹಿ ಹಾಕಬೇಕು. ಮಿತಾಕ್ಷರೆಯ ಲೇಖ್ಯಪ್ರಕರಣವನ್ನು ಓದಿದವನಿಗೆ ಈ ಪ್ರಕರಣದಲ್ಲಿ ಅಪರಿಚಿತವಾದುದು ಏನೂ ಇಲ್ಲ. ಮುಂದೆ ಮಾತನಾಡಲು ಉಳಿಯದ ಮನುಷ್ಯನ ಸಮ್ಮತಿಯನ್ನು ನಿಶ್ಚಯಿಸಬೇಕಾದಾಗ ಕಾನೂನು ಇಂದಿಗೂ ಸಮಕ್ಷವನ್ನೇ ಆಶ್ರಯಿಸುತ್ತದೆ.

ಹಾಗಿದ್ದರೆ ನಮ್ಮ ನಿರ್ಣಯ ಇಂತಿರಬಹುದು. ವಿದ್ಯುನ್ಮಾನ ಸಹಿ ಪರಂಪರೆಯಿಂದ ಹೊರಗಿನದಲ್ಲ. ಹೆಸರಿಲ್ಲದ ಒಪ್ಪ, ಅನ್ಯರ ಕೈಯ ಒಪ್ಪ, ಪಾಠವನ್ನು ಮುದ್ರೆಗೆ ಬೆಸೆದ ಬಳೆ, ಈ ಮೂರನ್ನೂ ಕಂಡ ನಾಡಿಗೆ ಅದು ವಿಚಿತ್ರವಾಗಿ ತೋರಬೇಕಾಗಿಲ್ಲ. ಆದರೆ ಅದು ಲೇಖನಿಯ ಸಹಿಗೆ ಎಲ್ಲ ವಿಧದಲ್ಲಿಯೂ ಸಮಾನವೆಂಬುದೂ ಸರಿಯಲ್ಲ. ‘ಸಹಿ’ ಎಂಬ ಶಬ್ದದ ಮೂಲಾರ್ಥವನ್ನು ಅದು ಪೂರ್ಣವಾಗಿ ಸಾಧಿಸಿದೆ. ‘ಒಪ್ಪ’ ಎಂಬ ಶಬ್ದದ ಅರ್ಥವನ್ನು ಇನ್ನೂ ಸಾಧಿಸಬೇಕಾಗಿದೆ. ಸಮ್ಮತಿಯನ್ನು ಭಾವಿಸಿಕೊಳ್ಳುವ ಬದಲು, ಯಂತ್ರದ ಬರಹ ಬಾರದವನಿಗೆ ಪಾಠವನ್ನು ಅವನ ಭಾಷೆಯಲ್ಲಿ ಓದಿ ಹೇಳಿ, ಅವನು ಒಪ್ಪಿದ್ದನ್ನು ಕಂಡ ಇಬ್ಬರ ಗುರುತನ್ನೂ ಅದರೊಡನೆ ಬೆಸೆಯುವುದು ಈ ವಿದ್ಯೆಗೆ ಅಶಕ್ಯವೇನಲ್ಲ. ಅಕ್ಷರವನ್ನು ಕಾಯಬಲ್ಲ ಗಣಿತವು ಸಾಕ್ಷಿಯನ್ನೂ ಕಾಯಬಲ್ಲದು. ಅದನ್ನು ವಿಧಿಸಬೇಕಾದದ್ದು ಕಾನೂನು.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ೨೦೨೩ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಅವುಗಳ ಶಿಲ್ಪವನ್ನು ನೋಡಲು ಬರುವವರು ಬಹಳ ಜನ. ಶಿಲ್ಪದ ಕೆಳಗಿನ ಅಕ್ಷರಗಳನ್ನೂ, ಶಾಸನದ ಕೊನೆಯ ಸಾಲಿನ ಒಪ್ಪವನ್ನೂ ಓದುವವರು ಕಡಿಮೆ. ವಾಣಿಜ್ಯಶಾಸ್ತ್ರ, ನ್ಯಾಯಶಾಸ್ತ್ರಗಳ ವಿದ್ಯಾರ್ಥಿಗ���ೂ ಆ ಸಾಲನ್ನು ಓದುವುದು ಯುಕ್ತವೆಂದು ಸೂಚಿಸಿ ಈ ವಿವೇಚನೆಯನ್ನು ಮುಗಿಸಬಹುದು.